ಪಿಪ್ ಮೌಲ್ಯವನ್ನು ಲೆಕ್ಕ ಹಾಕುವುದು ಹೇಗೆ: ಕರೆನ್ಸಿ ವಹಿವಾಟುದಾರರಿಗೆ ಸಮಗ್ರ ಮಾರ್ಗದರ್ಶಿ

ಯೂರೋ/ಡಾಲರ್ ಜೋಡಿಯಲ್ಲಿ 40 ಪಿಪ್ ಕಳೆದುಕೊಂಡವರಿಗೂ ಪೌಂಡ್/ಯೆನ್ ಜೋಡಿಯಲ್ಲಿ 40 ಪಿಪ್ ಕಳೆದುಕೊಂಡವರಿಗೂ, ಇಬ್ಬರೂ ಒಂದೇ ಗಾತ್ರದ ಲಾಟ್ (ವಹಿವಾಟಿನ ಪ್ರಮಾಣದ ಅಳತೆ) ಹಿಡಿದಿದ್ದರೂ, ಆಗುವ ನಷ್ಟ ಒಂದೇ ಆಗಿರುವುದಿಲ್ಲ. ದರವು ಎಷ್ಟು ದೂರ ಸರಿಯಿತು ಎಂಬುದನ್ನಷ್ಟೇ ಪಿಪ್ ಎಂಬ ಅಳತೆ ಹೇಳುತ್ತದೆ. ಆ ದೂರವು ನಮ್ಮ ಖಾತೆಯಲ್ಲಿ ಎಷ್ಟು ಹಣವಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಈ ಲೆಕ್ಕವನ್ನು ಆರ್ಡರ್ ಹಾಕುವ ಮೊದಲೇ ಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಲಾಟ್‌ನ ಗಾತ್ರವನ್ನು ಅಂದಾಜಿನಲ್ಲಿ ಆರಿಸಿದವರಿಗೆ ತಾವು ಎಷ್ಟು ಹಣವನ್ನು ಪಣಕ್ಕಿಟ್ಟಿದ್ದೇವೆ ಎಂಬುದು ನಷ್ಟವಾದ ಮೇಲೆಯೇ ತಿಳಿಯುತ್ತದೆ.

ಈ ಬರಹದಲ್ಲಿ ಡಾಲರ್ ಎಂದು ಬರೆದಿರುವಲ್ಲೆಲ್ಲ ಅಮೆರಿಕನ್ ಡಾಲರ್ ಎಂದೇ ಓದಿಕೊಳ್ಳಬೇಕು. ಬೇರೆ ದೇಶಗಳ ಡಾಲರ್‌ಗಳನ್ನು ದೇಶದ ಹೆಸರಿನೊಂದಿಗೆ ಬರೆದಿದ್ದೇನೆ. ಉದಾಹರಣೆಗಳಲ್ಲಿನ ದರಗಳನ್ನು ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡಿದ್ದೇನೆ. ನೀವು ಲೆಕ್ಕ ಮಾಡುವಾಗ ಆ ಕ್ಷಣದ ದರವನ್ನೇ ಬಳಸಬೇಕು.

ಮೊದಲ ಹಂತ: ಜೋಡಿಯನ್ನು ಸರಿಯಾಗಿ ಓದುವುದು

ಯಾವುದೇ ಜೋಡಿಯಲ್ಲಿ ಎಡಗಡೆ ಇರುವುದು ಬೇಸ್ ಕರೆನ್ಸಿ, ಬಲಗಡೆ ಇರುವುದು ಕೋಟ್ ಕರೆನ್ಸಿ. ಯೂರೋ/ಡಾಲರ್ ದರ 1.0850 ಎಂದರೆ ಒಂದು ಯೂರೋ ಕೊಳ್ಳಲು 1.0850 ಡಾಲರ್ ಬೇಕು ಎಂದರ್ಥ. ಇಲ್ಲಿ ಕೊಳ್ಳುವ ವಸ್ತು ಯೂರೋ, ಬೆಲೆಯನ್ನು ಹೇಳಿರುವುದು ಡಾಲರ್‌ನಲ್ಲಿ. ಬೆಲೆ ಏರಿದರೂ ಇಳಿದರೂ ಆ ವ್ಯತ್ಯಾಸವು ಡಾಲರ್‌ನಲ್ಲೇ ಇರುತ್ತದೆ. ಆದ್ದರಿಂದ ಪಿಪ್‌ನ ಮೌಲ್ಯವು ಹುಟ್ಟುವುದು ಯಾವಾಗಲೂ ಕೋಟ್ ಕರೆನ್ಸಿಯಲ್ಲಿ. ಮುಂದಿನ ಎಲ್ಲ ಲೆಕ್ಕಗಳೂ ನಿಂತಿರುವುದು ಈ ಒಂದು ಮಾತಿನ ಮೇಲೆ. ಇದು ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದರೆ ಯಾವ ಜೋಡಿಗೂ ಬೇರೆ ಸೂತ್ರವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಜೋಡಿಯಲ್ಲಿ ಯಾವ ಕರೆನ್ಸಿ ಮೊದಲು ಬರಬೇಕು ಎಂಬುದಕ್ಕೆ ಮಾರುಕಟ್ಟೆಯಲ್ಲಿ ಒಂದು ರೂಢಿಯಿದೆ. ಯೂರೋ, ಪೌಂಡ್, ಆಸ್ಟ್ರೇಲಿಯನ್ ಡಾಲರ್, ನ್ಯೂಜಿಲೆಂಡ್ ಡಾಲರ್, ಅಮೆರಿಕನ್ ಡಾಲರ್, ಕೆನಡಿಯನ್ ಡಾಲರ್, ಸ್ವಿಸ್ ಫ್ರಾಂಕ್, ಯೆನ್ ಎಂಬ ಸಾಲಿನಲ್ಲಿ ಮುಂದಿರುವುದು ಬೇಸ್ ಆಗುತ್ತದೆ. ಹೀಗಾಗಿ ಪರದೆಯ ಮೇಲೆ ಪೌಂಡ್/ಡಾಲರ್ ಕಾಣುತ್ತದೆ, ಡಾಲರ್/ಪೌಂಡ್ ಕಾಣುವುದಿಲ್ಲ. ಪರಿವರ್ತನೆಯ ದರವನ್ನು ಹುಡುಕುವಾಗ ಈ ಕ್ರಮ ನೆರವಿಗೆ ಬರುತ್ತದೆ.

ಎರಡನೆಯ ಹಂತ: ಒಂದು ಪಿಪ್ ಎಂದರೆ ಎಷ್ಟು ಎಂದು ಗುರುತಿಸುವುದು

ಬಹುತೇಕ ಜೋಡಿಗಳಲ್ಲಿ ದಶಮಾಂಶ ಬಿಂದುವಿನ ನಂತರದ ನಾಲ್ಕನೆಯ ಸ್ಥಾನವೇ ಪಿಪ್, ಅಂದರೆ 0.0001. ಕೋಟ್ ಕರೆನ್ಸಿ ಯೆನ್ ಆಗಿದ್ದರೆ ಎರಡನೆಯ ಸ್ಥಾನ ಪಿಪ್ ಆಗುತ್ತದೆ, ಅಂದರೆ 0.01. ಒಂದು ಯೆನ್‌ನ ಬೆಲೆ ಬಹಳ ಚಿಕ್ಕದು. ಒಂದು ಡಾಲರ್‌ಗೆ ನೂರಕ್ಕಿಂತ ಹೆಚ್ಚು ಯೆನ್ ಬರುವ ಕಾಲದಲ್ಲಿ ಯೆನ್‌ನ ಹತ್ತು ಸಾವಿರದ ಒಂದು ಪಾಲನ್ನು ಎಣಿಸುವುದರಲ್ಲಿ ಅರ್ಥವಿಲ್ಲ. ಹಂಗೇರಿಯ ಫೋರಿಂಟ್‌ಗೂ ಇದೇ ಕಾರಣದಿಂದ ಎರಡನೆಯ ಸ್ಥಾನವನ್ನೇ ಪಿಪ್ ಎಂದು ಹಿಡಿಯುವ ರೂಢಿಯಿದೆ. ದರವು 1ರ ಆಸುಪಾಸಿನಲ್ಲಿದ್ದಾಗ 0.0001, ದರವು 100ರ ಆಸುಪಾಸಿನಲ್ಲಿದ್ದಾಗ 0.01: ಎರಡೂ ಸಂದರ್ಭಗಳಲ್ಲಿ ಪಿಪ್ ಎಂಬುದು ಬೆಲೆಯ ಹತ್ತು ಸಾವಿರದಲ್ಲಿ ಸುಮಾರು ಒಂದು ಪಾಲು ಎಂಬುದನ್ನು ಗಮನಿಸಿದರೆ ಈ ನಿಯಮದ ಹಿಂದಿನ ವಿವೇಕ ಕಾಣುತ್ತದೆ.

ಇಂದಿನ ಬಹುತೇಕ ಬ್ರೋಕರ್‌ಗಳು ದರವನ್ನು ಇನ್ನೂ ಒಂದು ಸ್ಥಾನ ಮುಂದುವರಿಸಿ ತೋರಿಸುತ್ತಾರೆ. ಯೂರೋ/ಡಾಲರ್ 1.08507 ಎಂದೂ ಡಾಲರ್/ಯೆನ್ 150.123 ಎಂದೂ ಕಾಣುವುದು ಇದರಿಂದಲೇ. ಕೊನೆಯ ಆ ಅಂಕೆಗೆ ಪಿಪೆಟ್ ಎಂದೂ ಕೆಲವು ತಂತ್ರಾಂಶಗಳಲ್ಲಿ ಪಾಯಿಂಟ್ ಎಂದೂ ಹೆಸರು. ಹತ್ತು ಪಿಪೆಟ್ ಸೇರಿದರೆ ಒಂದು ಪಿಪ್. ದರವು 1.08507ರಿಂದ 1.08632ಕ್ಕೆ ಏರಿದರೆ ವ್ಯತ್ಯಾಸ 0.00125, ಅಂದರೆ 12.5 ಪಿಪ್. ಕೊನೆಯ ಅಂಕೆಯನ್ನೇ ಪಿಪ್ ಎಂದು ತಿಳಿದವರು ಇದನ್ನು 125 ಎಂದು ಓದುತ್ತಾರೆ. ಹಾಗೆ ಓದಿದವರು 30 ಪಿಪ್ ದೂರದಲ್ಲಿ ಸ್ಟಾಪ್-ಲಾಸ್ (ನಷ್ಟ ಮಿತಿ ತಲುಪಿದಾಗ ವಹಿವಾಟನ್ನು ತಾನಾಗಿ ಮುಚ್ಚುವ ಆರ್ಡರ್) ಇಟ್ಟಿದ್ದೇವೆಂದು ನಂಬಿ ನಿಜದಲ್ಲಿ 3 ಪಿಪ್ ದೂರದಲ್ಲಿ ಇಟ್ಟಿರುತ್ತಾರೆ.

ಮೂರನೆಯ ಹಂತ: ಲಾಟ್ ಅನ್ನು ಯೂನಿಟ್‌ಗಳಾಗಿ ಬರೆದುಕೊಳ್ಳುವುದು

ಸ್ಟ್ಯಾಂಡರ್ಡ್ ಲಾಟ್ ಎಂದರೆ ಬೇಸ್ ಕರೆನ್ಸಿಯ 1,00,000 ಯೂನಿಟ್, ಮಿನಿ ಲಾಟ್ 10,000, ಮೈಕ್ರೋ ಲಾಟ್ 1,000. ಪರದೆಯಲ್ಲಿ ಇವು 1.00, 0.10, 0.01 ಎಂದು ಕಾಣುತ್ತವೆ. 0.30 ಲಾಟ್ ಎಂದರೆ 30,000 ಯೂನಿಟ್. ಕರೆನ್ಸಿ ಜೋಡಿಗಳಲ್ಲಿ ಇದು ಬಹುತೇಕ ಎಲ್ಲೆಡೆ ಒಂದೇ ಆಗಿದ್ದರೂ, ಅದೇ ತಂತ್ರಾಂಶದಲ್ಲಿ ಚಿನ್ನ ಅಥವಾ ಸೂಚ್ಯಂಕಗಳ ವಹಿವಾಟು ಮಾಡುವವರು ಪ್ರತಿ ಉತ್ಪನ್ನದ ವಿವರಪುಟದಲ್ಲಿ ಕಾಂಟ್ರ್ಯಾಕ್ಟ್ ಗಾತ್ರವನ್ನು ನೋಡಿಕೊಳ್ಳಬೇಕು. ಚಿನ್ನದ ಒಂದು ಲಾಟ್ ಸಾಮಾನ್ಯವಾಗಿ 100 ಟ್ರಾಯ್ ಔನ್ಸ್, ಅಲ್ಲಿ ಪಿಪ್ ಎಂದರೆ ಎಷ್ಟು ಎಂಬುದರಲ್ಲಿ ಬ್ರೋಕರ್‌ಗಳ ನಡುವೆ ಏಕರೂಪತೆಯೂ ಇಲ್ಲ.

ನಾಲ್ಕನೆಯ ಹಂತ: ಗುಣಾಕಾರ

ಯೂನಿಟ್‌ಗಳ ಸಂಖ್ಯೆಯನ್ನು ಪಿಪ್‌ನ ಗಾತ್ರದಿಂದ ಗುಣಿಸಿದರೆ ಕೋಟ್ ಕರೆನ್ಸಿಯಲ್ಲಿ ಒಂದು ಪಿಪ್‌ನ ಮೌಲ್ಯ ಸಿಗುತ್ತದೆ. ಯೂರೋ/ಡಾಲರ್‌ನ ಒಂದು ಸ್ಟ್ಯಾಂಡರ್ಡ್ ಲಾಟ್‌ಗೆ:

1,00,000 × 0.0001 = 10 ಡಾಲರ್

ಮಿನಿ ಲಾಟ್‌ಗೆ 1 ಡಾಲರ್, ಮೈಕ್ರೋ ಲಾಟ್‌ಗೆ 0.10 ಡಾಲರ್, 0.30 ಲಾಟ್‌ಗೆ 3 ಡಾಲರ್. ಖಾತೆಯೂ ಡಾಲರ್‌ನಲ್ಲಿದ್ದರೆ ಲೆಕ್ಕ ಇಲ್ಲಿಗೆ ಮುಗಿಯಿತು. ಯೂರೋ/ಡಾಲರ್ ದರ 1.05 ಇರಲಿ, 1.20 ಇರಲಿ, ಉತ್ತರ ಬದಲಾಗುವುದಿಲ್ಲ, ಏಕೆಂದರೆ ಈ ಗುಣಾಕಾರದಲ್ಲಿ ದರವೇ ಬಂದಿಲ್ಲ. ಪೌಂಡ್/ಡಾಲರ್, ಆಸ್ಟ್ರೇಲಿಯನ್ ಡಾಲರ್/ಡಾಲರ್, ನ್ಯೂಜಿಲೆಂಡ್ ಡಾಲರ್/ಡಾಲರ್ ಜೋಡಿಗಳಿಗೂ ಇದೇ ಉತ್ತರ.

ಈ ಸರಳತೆಯೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಅಂತರರಾಷ್ಟ್ರೀಯ ಪಾವತಿ ಬ್ಯಾಂಕಿನ 2022ರ ಸಮೀಕ್ಷೆಯ ಪ್ರಕಾರ ವಿದೇಶಿ ವಿನಿಮಯದ ವಹಿವಾಟುಗಳಲ್ಲಿ ಶೇ. 88ರಷ್ಟರಲ್ಲಿ ಒಂದು ಬದಿಗೆ ಡಾಲರ್ ಇತ್ತು. ಹೀಗಿರುವಾಗ ಕಲಿಯುವವರ ಮೊದಲ ಪರಿಚಯ ಡಾಲರ್ ಜೋಡಿಗಳೊಂದಿಗೇ ಆಗುತ್ತದೆ, ಮತ್ತು ಒಂದು ಪಿಪ್‌ಗೆ ಹತ್ತು ಡಾಲರ್ ಎಂಬುದು ಸಾರ್ವತ್ರಿಕ ನಿಯಮವೆಂಬ ಭ್ರಮೆ ಅಲ್ಲಿಂದಲೇ ಶುರುವಾಗುತ್ತದೆ. ಕೋಟ್ ಕರೆನ್ಸಿಯೂ ಖಾತೆಯ ಕರೆನ್ಸಿಯೂ ಒಂದೇ ಆಗಿದ್ದಾಗ ಮಾತ್ರ ಅದು ನಿಜ.

ಐದನೆಯ ಹಂತ: ಖಾತೆಯ ಕರೆನ್ಸಿಗೆ ಪರಿವರ್ತಿಸುವುದು

ನಿಜವಾದ ಎಚ್ಚರ ಬೇಕಾಗುವುದು ಇಲ್ಲಿ. ಪ್ರಶ್ನೆ ಮಾತ್ರ ಸರಳ: ಕೋಟ್ ಕರೆನ್ಸಿಯಲ್ಲಿ ಸಿಕ್ಕ ಈ ಮೊತ್ತಕ್ಕೆ ನನ್ನ ಖಾತೆಯ ಕರೆನ್ಸಿಯಲ್ಲಿ ಎಷ್ಟು ಬರುತ್ತದೆ?

ಖಾತೆಯ ಕರೆನ್ಸಿಯೇ ಜೋಡಿಯ ಬೇಸ್ ಆಗಿದ್ದಾಗ ಪರಿವರ್ತನೆಯ ದರ ಅದೇ ಜೋಡಿಯಲ್ಲಿ ಸಿಗುತ್ತದೆ. ಡಾಲರ್ ಖಾತೆಯಲ್ಲಿ ಡಾಲರ್/ಕೆನಡಿಯನ್ ಡಾಲರ್‌ನ ಒಂದು ಸ್ಟ್ಯಾಂಡರ್ಡ್ ಲಾಟ್ ತೆಗೆದುಕೊಂಡರೆ ಪಿಪ್‌ನ ಮೌಲ್ಯ 10 ಕೆನಡಿಯನ್ ಡಾಲರ್. ದರ 1.3600 ಆಗಿದ್ದರೆ 10 ÷ 1.3600 = 7.35 ಡಾಲರ್. ಡಾಲರ್/ಫ್ರಾಂಕ್ 0.8840ರಲ್ಲಿದ್ದರೆ 10 ÷ 0.8840 = 11.31 ಡಾಲರ್. ಡಾಲರ್/ಯೆನ್‌ನಲ್ಲಿ ಒಂದು ಪಿಪ್ 1,00,000 × 0.01 = 1,000 ಯೆನ್. ದರ 150.00 ಆಗಿದ್ದರೆ 1,000 ÷ 150 = 6.67 ಡಾಲರ್.

ಈ ಜೋಡಿಗಳಲ್ಲಿ ಪಿಪ್‌ನ ಮೌಲ್ಯ ದರದೊಂದಿಗೆ ಬದಲಾಗುತ್ತಲೇ ಇರುತ್ತದೆ. 2011ರ ಅಕ್ಟೋಬರ್‌ನಲ್ಲಿ ಡಾಲರ್ 76 ಯೆನ್‌ಗಿಂತ ಕೆಳಗಿಳಿದಿತ್ತು, 2024ರ ಜುಲೈನಲ್ಲಿ 161 ಯೆನ್ ದಾಟಿತ್ತು. 76ರ ದರದಲ್ಲಿ ಒಂದು ಲಾಟ್‌ನ ಪಿಪ್ ಮೌಲ್ಯ 13.16 ಡಾಲರ್, 161ರಲ್ಲಿ 6.21 ಡಾಲರ್. ಅದೇ ಜೋಡಿ, ಅದೇ ಲಾಟ್, ಅದೇ ಖಾತೆ, ಆದರೂ ಮೌಲ್ಯ ಅರ್ಧಕ್ಕಿಂತ ಕೆಳಗಿಳಿದಿದೆ. ಹಳೆಯ ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಂಡು ವಹಿವಾಟು ಮಾಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಖಾತೆಯ ಕರೆನ್ಸಿ ಜೋಡಿಯಲ್ಲಿ ಎಲ್ಲೂ ಇಲ್ಲದಿದ್ದಾಗ ಮೂರನೆಯ ದರವೊಂದನ್ನು ತರಬೇಕಾಗುತ್ತದೆ. ಡಾಲರ್ ಖಾತೆಯಲ್ಲಿ ಯೂರೋ/ಪೌಂಡ್‌ನ ಒಂದು ಲಾಟ್ ಇದೆ ಎಂದುಕೊಳ್ಳೋಣ. ಪಿಪ್‌ನ ಮೌಲ್ಯ 10 ಪೌಂಡ್. ಪೌಂಡ್/ಡಾಲರ್ ದರ 1.2700 ಆಗಿದ್ದರೆ 10 × 1.2700 = 12.70 ಡಾಲರ್. ಇಲ್ಲಿ ಗುಣಿಸಿದೆವು, ಹಿಂದಿನ ಉದಾಹರಣೆಗಳಲ್ಲಿ ಭಾಗಿಸಿದೆವು. ಯಾವುದನ್ನು ಯಾವಾಗ ಮಾಡಬೇಕೆಂದು ನೆನಪಿಟ್ಟುಕೊಳ್ಳುವ ಬದಲು ಪರಿವರ್ತನೆಯ ಜೋಡಿಯನ್ನು ಓದಿ ನೋಡಬೇಕು. ನಮ್ಮ ಕೈಯಲ್ಲಿರುವ ಕರೆನ್ಸಿ ಆ ಜೋಡಿಯ ಎಡಗಡೆ ಇದ್ದರೆ ಗುಣಿಸಬೇಕು, ಬಲಗಡೆ ಇದ್ದರೆ ಭಾಗಿಸಬೇಕು. ಪೌಂಡ್ ಖಾತೆಯವರು ಆಸ್ಟ್ರೇಲಿಯನ್ ಡಾಲರ್/ಕೆನಡಿಯನ್ ಡಾಲರ್ ವಹಿವಾಟು ಮಾಡಿದರೆ ಕೈಯಲ್ಲಿರುವುದು 10 ಕೆನಡಿಯನ್ ಡಾಲರ್. ಪೌಂಡ್/ಕೆನಡಿಯನ್ ಡಾಲರ್ ಜೋಡಿಯಲ್ಲಿ ಅದು ಬಲಗಡೆ ಇದೆ. ದರ 1.7200 ಎಂದಾದರೆ 10 ÷ 1.7200 = 5.81 ಪೌಂಡ್.

ಅತಿ ಹೆಚ್ಚು ಜನ ಎಡವುವುದು ಯೂರೋ/ಯೆನ್, ಪೌಂಡ್/ಯೆನ್‌ಗಳಂತಹ ಕ್ರಾಸ್ ಜೋಡಿಗಳಲ್ಲಿ, ಅಂದರೆ ಡಾಲರ್ ಇಲ್ಲದ ಜೋಡಿಗಳಲ್ಲಿ. ಡಾಲರ್ ಖಾತೆಯಲ್ಲಿ ಯೂರೋ/ಯೆನ್‌ನ ಒಂದು ಲಾಟ್ ಇದ್ದು, ಯೂರೋ/ಯೆನ್ ದರ 163.00, ಡಾಲರ್/ಯೆನ್ ದರ 150.00 ಎಂದಿಟ್ಟುಕೊಳ್ಳೋಣ. ಪರದೆಯ ಮೇಲೆ ಕಣ್ಣೆದುರಿಗೆ ಇರುವುದು 163 ಆದ್ದರಿಂದ ಅನೇಕರು 1,000 ÷ 163 = 6.13 ಎಂದು ಬರೆದುಕೊಂಡು ಅದನ್ನು ಡಾಲರ್ ಎಂದು ಕರೆಯುತ್ತಾರೆ. ಲೆಕ್ಕ ಕಲಿಯುವಾಗ ನಾನೂ ಬಹಳ ದಿನ ಇದೇ ತಪ್ಪನ್ನು ಮಾಡುತ್ತಿದ್ದೆ. ಜೋಡಿಯ ಸ್ವಂತ ದರದಿಂದ ಭಾಗಿಸಿದಾಗ ಬರುವ ಉತ್ತರ ಯಾವಾಗಲೂ ಬೇಸ್ ಕರೆನ್ಸಿಯಲ್ಲಿರುತ್ತದೆ, ಹೀಗಾಗಿ 6.13 ಎಂಬುದು ಯೂರೋ. ಡಾಲರ್ ಉತ್ತರಕ್ಕೆ ಯೆನ್ ಅನ್ನು ಡಾಲರ್/ಯೆನ್ ದರದಿಂದ ಭಾಗಿಸಬೇಕು: 1,000 ÷ 150 = 6.67 ಡಾಲರ್. ತಾಳೆ ನೋಡಬೇಕೆನಿಸಿದರೆ 163ನ್ನು 150ರಿಂದ ಭಾಗಿಸಿ ಸಿಗುವ ಯೂರೋ/ಡಾಲರ್ ದರ 1.0867ರಿಂದ ಆ 6.13 ಯೂರೋವನ್ನು ಗುಣಿಸಬಹುದು. ದಶಮಾಂಶಗಳನ್ನು ಮೊಟಕುಗೊಳಿಸಿದ್ದರಿಂದಾಗುವ ಸಣ್ಣ ವ್ಯತ್ಯಾಸವನ್ನು ಬಿಟ್ಟರೆ ಅದೇ 6.67 ಬರುತ್ತದೆ. ಇದರಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ: ಡಾಲರ್ ಖಾತೆಯವರಿಗೆ ಡಾಲರ್/ಯೆನ್, ಯೂರೋ/ಯೆನ್, ಪೌಂಡ್/ಯೆನ್ ಮೂರರಲ್ಲೂ ಒಂದು ಲಾಟ್‌ನ ಪಿಪ್ ಮೌಲ್ಯ ಒಂದೇ, ಏಕೆಂದರೆ ಮೂರರ ಕೋಟ್ ಕರೆನ್ಸಿಯೂ ಯೆನ್.

ನೇರ ದರ ಸಿಗದಿದ್ದರೆ ಡಾಲರ್ ಮೂಲಕ ಎರಡು ಹೆಜ್ಜೆಯಲ್ಲಿ ಹೋಗಬಹುದು. ಫ್ರಾಂಕ್ ಖಾತೆಯಲ್ಲಿ ಆಸ್ಟ್ರೇಲಿಯನ್ ಡಾಲರ್/ನ್ಯೂಜಿಲೆಂಡ್ ಡಾಲರ್‌ನ ಒಂದು ಮಿನಿ ಲಾಟ್ ಇದ್ದರೆ ಪಿಪ್‌ನ ಮೌಲ್ಯ 1 ನ್ಯೂಜಿಲೆಂಡ್ ಡಾಲರ್. ಅದನ್ನು ನ್ಯೂಜಿಲೆಂಡ್ ಡಾಲರ್/ಡಾಲರ್ ದರ 0.6000ರಿಂದ ಗುಣಿಸಿದರೆ 0.60 ಡಾಲರ್, ಮತ್ತೆ ಡಾಲರ್/ಫ್ರಾಂಕ್ ದರ 0.8840ರಿಂದ ಗುಣಿಸಿದರೆ 0.53 ಫ್ರಾಂಕ್.

ಆರನೆಯ ಹಂತ: ಪಿಪ್ ಮೌಲ್ಯದಿಂದ ಲಾಟ್ ಗಾತ್ರಕ್ಕೆ

ಇಷ್ಟೆಲ್ಲ ಲೆಕ್ಕ ಮಾಡುವ ಉದ್ದೇಶವೇ ಈ ಹಂತ. ಲಾಟ್ ಆರಿಸಿ ನಷ್ಟವನ್ನು ಲೆಕ್ಕ ಹಾಕುವ ಕ್ರಮವನ್ನು ಬಿಟ್ಟು, ಭರಿಸಬಹುದಾದ ನಷ್ಟವನ್ನು ಮೊದಲು ನಿರ್ಧರಿಸಿ ಅದರಿಂದ ಲಾಟ್‌ಗೆ ಬರಬೇಕು. ಖಾತೆಯಲ್ಲಿ 5,000 ಡಾಲರ್ ಇದ್ದು, ಒಂದು ವಹಿವಾಟಿನಲ್ಲಿ ಶೇ. 1ರಷ್ಟು, ಅಂದರೆ 50 ಡಾಲರ್‌ಗಿಂತ ಹೆಚ್ಚು ಕಳೆದುಕೊಳ್ಳಬಾರದೆಂದು ತೀರ್ಮಾನಿಸಿದ್ದೀರಿ ಎಂದುಕೊಳ್ಳೋಣ. ಪೌಂಡ್/ಯೆನ್ ಜೋಡಿಯ ಚಾರ್ಟ್ ನೋಡಿ ಸ್ಟಾಪ್-ಲಾಸ್ 40 ಪಿಪ್ ದೂರದಲ್ಲಿರಬೇಕೆಂದು ಕಂಡುಕೊಂಡಿದ್ದೀರಿ. ಡಾಲರ್/ಯೆನ್ 150.00ರಲ್ಲಿದೆ.

ಒಂದು ಮೈಕ್ರೋ ಲಾಟ್‌ಗೆ ಪಿಪ್ ಮೌಲ್ಯ: 1,000 × 0.01 = 10 ಯೆನ್; 10 ÷ 150 = 0.0667 ಡಾಲರ್

40 ಪಿಪ್‌ಗೆ ಒಂದು ಮೈಕ್ರೋ ಲಾಟ್‌ನ ನಷ್ಟ: 40 × 0.0667 = 2.67 ಡಾಲರ್

ತೆಗೆದುಕೊಳ್ಳಬಹುದಾದ ಮೈಕ್ರೋ ಲಾಟ್‌ಗಳು: 50 ÷ 2.67 = 18.7

ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸಬೇಕು. ಆದ್ದರಿಂದ 18 ಮೈಕ್ರೋ ಲಾಟ್, ಅಂದರೆ 0.18. ಸ್ಟಾಪ್ ತಗುಲಿದರೆ ನಷ್ಟ ಸುಮಾರು 48 ಡಾಲರ್.

ಇದೇ ವಹಿವಾಟುದಾರರು ಒಂದು ಪಿಪ್‌ಗೆ ಹತ್ತು ಡಾಲರ್ ಎಂಬ ನಂಬಿಕೆಯಿಂದ ಯೂರೋ/ಪೌಂಡ್ ಜೋಡಿಗೆ ಹೋದರೆ ಏನಾಗುತ್ತದೆ ಎಂದು ನೋಡಬೇಕು. 50ನ್ನು 40ರಿಂದ ಭಾಗಿಸಿ ಪಿಪ್‌ಗೆ 1.25 ಡಾಲರ್ ಎಂದುಕೊಂಡು 0.12 ಲಾಟ್ ಹಾಕುತ್ತಾರೆ. ನಿಜವಾದ ಪಿಪ್ ಮೌಲ್ಯ ಲಾಟ್‌ಗೆ 12.70 ಡಾಲರ್ ಆದ್ದರಿಂದ ನಷ್ಟ 0.12 × 12.70 × 40 = 60.96 ಡಾಲರ್ ಆಗುತ್ತದೆ. ತಾವೇ ಹಾಕಿಕೊಂಡ ಮಿತಿಯನ್ನು ಐದನೆಯ ಒಂದು ಪಾಲಿಗಿಂತ ಹೆಚ್ಚಾಗಿ ಮೀರಿದ್ದು ಅವರಿಗೆ ಗೊತ್ತೇ ಆಗಿರುವುದಿಲ್ಲ. ಸರಿಯಾದ ಗಾತ್ರ 0.09 ಲಾಟ್ ಆಗಿತ್ತು.

ಮಾರಾಟದ ಪೊಸಿಷನ್ (ತೆರೆದ ವಹಿವಾಟು) ತೆಗೆದುಕೊಳ್ಳುವವರು ಸ್ಪ್ರೆಡ್ ಅನ್ನೂ, ಅಂದರೆ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಅಂತರವನ್ನೂ, ಸೇರಿಸಿಕೊಳ್ಳಬೇಕು. ಬಹುತೇಕ ಚಾರ್ಟ್‌ಗಳು ಬಿಡ್ ದರವನ್ನು (ನಾವು ಮಾರುವಾಗ ಸಿಗುವ ದರ) ತೋರಿಸುತ್ತವೆ, ಆದರೆ ಮಾರಿದ ಪೊಸಿಷನ್ ಮುಚ್ಚುವುದು ಆಸ್ಕ್ ದರದಲ್ಲಿ (ನಾವು ಕೊಳ್ಳುವಾಗ ಕೊಡುವ ದರ). ಹೀಗಾಗಿ ಚಾರ್ಟ್‌ನಲ್ಲಿ ದರ ಸ್ಟಾಪ್ ಮುಟ್ಟುವ ಮೊದಲೇ ಸ್ಟಾಪ್ ತಗುಲಬಹುದು. ಸ್ಪ್ರೆಡ್‌ನ ವೆಚ್ಚವನ್ನು ತಿಳಿಯುವುದೂ ಇದೇ ಲೆಕ್ಕದಿಂದ: ಯೂರೋ/ಪೌಂಡ್‌ನಲ್ಲಿ ಸ್ಪ್ರೆಡ್ 1.4 ಪಿಪ್ ಇದ್ದರೆ ಒಂದು ಲಾಟ್‌ಗೆ 17.78 ಡಾಲರ್ ಪ್ರವೇಶದ ಕ್ಷಣದಲ್ಲೇ ಖರ್ಚಾಗುತ್ತದೆ.

ಲಿವರೇಜ್, ಅಂದರೆ ಕಡಿಮೆ ಹಣದಿಂದ ದೊಡ್ಡ ವಹಿವಾಟು ಹಿಡಿಯುವ ಅನುಪಾತ, ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಬರಬೇಕಾಗಿಯೂ ಇಲ್ಲ. 1:30 ಇದ್ದರೂ 1:100 ಇದ್ದರೂ ಯೂರೋ/ಡಾಲರ್‌ನ ಒಂದು ಲಾಟ್‌ಗೆ ಪಿಪ್ ಮೌಲ್ಯ 10 ಡಾಲರ್. ಲಿವರೇಜ್ ಬದಲಿಸುವುದು ಅಡವಾಗಿ ಹಿಡಿಯುವ ಮಾರ್ಜಿನ್ ಅನ್ನು ಮಾತ್ರ. ಮಾರ್ಜಿನ್ ಕಡಿಮೆ ಸಾಕೆಂದು ದೊಡ್ಡ ಲಾಟ್ ಹಾಕಿದಾಗ ಪಿಪ್ ಮೌಲ್ಯ ಏರುತ್ತದೆ, ಅದನ್ನು ಏರಿಸಿದ್ದು ಲಾಟ್.

ಪೊಸಿಷನ್ ತೆರೆದಿರುವಾಗ ಬದಲಾಗುವ ಮೌಲ್ಯ

ಲಾಭ ಅಥವಾ ನಷ್ಟವನ್ನು ಖಾತೆಯ ಕರೆನ್ಸಿಗೆ ಪರಿವರ್ತಿಸುವುದು ಪೊಸಿಷನ್ ಮುಚ್ಚುವ ಹೊತ್ತಿನ ದರದಲ್ಲಿ. ಡಾಲರ್/ಯೆನ್‌ನ ಒಂದು ಮಿನಿ ಲಾಟ್ ಅನ್ನು 150.00ರಲ್ಲಿ ಕೊಂಡು 153.00ರಲ್ಲಿ ಮುಚ್ಚಿದರೆ 300 ಪಿಪ್‌ಗೆ 30,000 ಯೆನ್ ಲಾಭ. ಅದನ್ನು 153ರಿಂದ ಭಾಗಿಸಬೇಕಾದ್ದರಿಂದ ಕೈಗೆ ಬರುವುದು 196.08 ಡಾಲರ್. ಅದೇ 300 ಪಿಪ್ ಕೆಳಗೆ, 147.00ರಲ್ಲಿ ಮುಚ್ಚಿದರೆ ನಷ್ಟ 30,000 ÷ 147 = 204.08 ಡಾಲರ್. ಕೊಂಡವರಿಗೆ ಸಮಾನ ದೂರದ ನಷ್ಟ ಲಾಭಕ್ಕಿಂತ ತುಸು ದೊಡ್ಡದು, ಮಾರಿದವರಿಗೆ ಇದು ತಿರುವುಮುರುವು. ಮೂವತ್ತು ನಲವತ್ತು ಪಿಪ್‌ಗಳಲ್ಲಿ ಇದು ಗಣನೆಗೆ ಬರುವಷ್ಟಿರುವುದಿಲ್ಲ. ದೂರದ ಸ್ಟಾಪ್ ಇಟ್ಟು ವಾರಗಟ್ಟಲೆ ಹಿಡಿಯುವವರು ಲಾಟ್ ಗಾತ್ರವನ್ನು ನಿರ್ಧರಿಸುವಾಗ ಇಂತಹ ಜೋಡಿಗಳಲ್ಲಿ ಪ್ರವೇಶದ ದರದ ಬದಲು ಸ್ಟಾಪ್‌ನ ದರದಿಂದಲೇ ಭಾಗಿಸುವುದು ಒಳ್ಳೆಯದು.

ಪಿಪ್ ಮೌಲ್ಯವನ್ನು ಎಷ್ಟೇ ನಿಖರವಾಗಿ ಲೆಕ್ಕ ಹಾಕಿದರೂ ಸ್ಟಾಪ್-ಲಾಸ್ ನಾವು ಬರೆದ ದರದಲ್ಲೇ ಈಡೇರುತ್ತದೆ ಎಂಬ ಖಾತರಿಯಿಲ್ಲ. ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್‌ನಿಂದ ಕಾಯ್ದುಕೊಂಡು ಬಂದಿದ್ದ ಯೂರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ದರವನ್ನು 2015ರ ಜನವರಿ 15ರಂದು ಕೈಬಿಟ್ಟಾಗ, ಯೂರೋ ನಿಮಿಷಗಳಲ್ಲಿ ಒಂದು ಫ್ರಾಂಕ್‌ಗಿಂತ ಕೆಳಗೆ ಕುಸಿಯಿತು. 1.2010ರಲ್ಲಿ ಒಂದು ಮಿನಿ ಲಾಟ್ ಕೊಂಡು 1.1970ರಲ್ಲಿ ಸ್ಟಾಪ್ ಇಟ್ಟವರು 40 ಫ್ರಾಂಕ್ ನಷ್ಟಕ್ಕೆ ಸಿದ್ಧರಾಗಿದ್ದರು ಎಂದುಕೊಳ್ಳಿ. ಅವರ ಆರ್ಡರ್ 1.0500ರಲ್ಲಿ ಈಡೇರಿದ್ದರೆ ನಷ್ಟ 1,510 ಪಿಪ್, ಅಂದರೆ 1,510 ಫ್ರಾಂಕ್. ಡಾಲರ್ ಖಾತೆಯವರಿಗೆ ಪೆಟ್ಟು ಇನ್ನೂ ಜೋರಾಗಿತ್ತು: ಅದೇ ನಿಮಿಷಗಳಲ್ಲಿ ಫ್ರಾಂಕ್ ಡಾಲರ್ ಎದುರೂ ಏರಿದ್ದರಿಂದ ಪಿಪ್‌ಗಳ ಸಂಖ್ಯೆಯ ಜೊತೆಗೆ ಪ್ರತಿ ಪಿಪ್‌ನ ಮೌಲ್ಯವೂ ಹೆಚ್ಚಿತ್ತು.

ಲೆಕ್ಕವನ್ನು ಪರೀಕ್ಷಿಸುವುದು

ನಿಮ್ಮ ಲೆಕ್ಕ ಸರಿಯೇ ಎಂದು ತಿಳಿಯಲು ಅಭ್ಯಾಸದ ಖಾತೆಯಲ್ಲಿ ಆ ಜೋಡಿಯ ಒಂದು ಲಾಟ್ ತೆರೆದು, ಪ್ರವೇಶದ ದರವನ್ನು ಬರೆದಿಟ್ಟುಕೊಂಡು, ದರ ಹತ್ತಿಪ್ಪತ್ತು ಪಿಪ್ ಸರಿದ ಮೇಲೆ ತಂತ್ರಾಂಶ ತೋರಿಸುವ ಮೊತ್ತವನ್ನು ಪಿಪ್‌ಗಳಿಂದ ಭಾಗಿಸಿ. ನಿಮ್ಮ ಉತ್ತರಕ್ಕೂ ಅದಕ್ಕೂ ತಾಳೆಯಾಗದಿದ್ದರೆ ವ್ಯತ್ಯಾಸದ ಗಾತ್ರವೇ ತಪ್ಪಿನ ಜಾಗವನ್ನು ತೋರಿಸುತ್ತದೆ. ಹತ್ತು ಪಟ್ಟು ವ್ಯತ್ಯಾಸವಿದ್ದರೆ ಪಿಪೆಟ್ ಅನ್ನು ಪಿಪ್ ಎಂದು ಎಣಿಸಿದ್ದೀರಿ, ಇಲ್ಲವೇ ಮಿನಿ ಮತ್ತು ಸ್ಟ್ಯಾಂಡರ್ಡ್ ಲಾಟ್ ಅದಲುಬದಲಾಗಿವೆ. ನೂರು ಪಟ್ಟು ಇದ್ದರೆ ಯೆನ್ ಜೋಡಿಗೆ 0.0001 ಬಳಸಿದ್ದೀರಿ. ಯೂರೋ/ಪೌಂಡ್‌ನಲ್ಲಿ ಕಂಡಂತೆ 1.27 ಪಟ್ಟು ಇದ್ದು ಅದು ಪೌಂಡ್/ಡಾಲರ್ ದರಕ್ಕೆ ಸಮವಾಗಿದ್ದರೆ ಪರಿವರ್ತನೆಯನ್ನೇ ಮಾಡಿಲ್ಲ. ವ್ಯತ್ಯಾಸವು ಪರಿವರ್ತನೆಯ ದರದ ವರ್ಗಕ್ಕೆ ಸಮವಾಗಿದ್ದರೆ, ಅಂದರೆ ಡಾಲರ್/ಕೆನಡಿಯನ್ ಡಾಲರ್‌ನಲ್ಲಿ 7.35 ಬರಬೇಕಾದಲ್ಲಿ 13.60 ಬಂದಿದ್ದರೆ, ಭಾಗಿಸಬೇಕಾದಲ್ಲಿ ಗುಣಿಸಿದ್ದೀರಿ. ಯೂರೋ/ಯೆನ್‌ನಲ್ಲಿ ಶೇ. 8ರಷ್ಟು ಕಡಿಮೆ ಬಂದಿದ್ದರೆ ಜೋಡಿಯ ಸ್ವಂತ ದರದಿಂದ ಭಾಗಿಸಿ ಯೂರೋವನ್ನು ಡಾಲರ್ ಎಂದು ಕರೆದಿದ್ದೀರಿ. ಒಂದೆರಡು ಸೆಂಟ್‌ಗಳ ವ್ಯತ್ಯಾಸವಷ್ಟೇ ಉಳಿದಿದ್ದರೆ ಅದು ನೀವು ದರ ನೋಡಿದ ಕ್ಷಣಕ್ಕೂ ತಂತ್ರಾಂಶ ದರ ಹಿಡಿದ ಕ್ಷಣಕ್ಕೂ ನಡುವಿನ ಅಂತರ, ಅದನ್ನು ತಿದ್ದಬೇಕಾಗಿಲ್ಲ.